ಏರಿಗೆ ಮೋಟರ್ ಆದೀತು, ಇಳಿಜಾರಿಗೆ ಸೈಕಲ್ಲೇ ಆಗಬೇಕು

ಗುಡ್ಡ, ತೋಟ, ಕಾಡಂಚಿನ ದಾರಿಗಳಲ್ಲಿ ಓಡಿಸುವ ಎಲೆಕ್ಟ್ರಿಕ್ ಮೌಂಟನ್ ಬೈಕ್ (ಇ-ಎಂಟಿಬಿ) ಕುರಿತ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ವಿಷಯದ ಪತ್ರಗಳನ್ನು ಸೇರಿಸಿ ಒಂದೇ ಪ್ರಶ್ನೆ ಮಾಡಿದ್ದೇವೆ.

ನಮ್ಮದು ಕಾಫಿ ತೋಟ. ಒಳದಾರಿ, ಪಕ್ಕದ ಗುಡ್ಡದ ಜೀಪ್ ದಾರಿಯಲ್ಲಿ ಓಡಿಸಲು ಇ-ಎಂಟಿಬಿ ಬೇಕು. ಹಿಂದಿನ ಚಕ್ರದಲ್ಲೇ ಮೋಟರ್ ಇರುವುದು ಅರವತ್ತು ಸಾವಿರಕ್ಕೆ ಸಿಗುತ್ತದೆ. ಪೆಡಲಿನ ಬಳಿ ಮೋಟರ್ ಇರುವುದಕ್ಕೆ ಅದರ ಹಲವು ಪಟ್ಟು. ಎರಡರ ಮೇಲೂ 250 ವ್ಯಾಟ್ ಅಂತಲೇ ಬರೆದಿದೆಯಲ್ಲ, ಮತ್ತೆ ವ್ಯತ್ಯಾಸವೇನು?
— ಮೂಡಿಗೆರೆಯ ಓದುಗರು

ಆ 250 ವ್ಯಾಟ್ ಕಾನೂನಿಗಾಗಿ ಬರೆದ ಅಂಕಿ. ಬಿಸಿಯಾಗಿ ಸೋಲದೆ ಮೋಟರ್ ಎಡೆಬಿಡದೆ ಕೊಡುವ ಶಕ್ತಿ ಅಷ್ಟು ಎಂದರ್ಥ. ಏರಿನಲ್ಲಿ ಕೆಲವು ನಿಮಿಷದ ಮಟ್ಟಿಗೆ ಒಳ್ಳೆಯ ಮಿಡ್ ಡ್ರೈವ್ (ಪೆಡಲಿನ ಬಳಿ ಇರುವ) ಮೋಟರ್ 500-600 ವ್ಯಾಟ್ ಕೊಡುತ್ತದೆ. ಆದರೆ ನಿಜವಾದ ವ್ಯತ್ಯಾಸ ಇರುವುದು ವ್ಯಾಟಿನಲ್ಲಲ್ಲ, ಗೇರಿನಲ್ಲಿ.

ನಿಮ್ಮ ತೋಟದ ಒಂದು ಚುರುಕಾದ ಏರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನೂರು ಮೀಟರಿಗೆ ಹದಿನೈದು ಮೀಟರ್ ಏರುತ್ತದೆ ಅನ್ನಿ. ನೀವು 75 ಕೆ.ಜಿ., ಸೈಕಲ್ 24, ಚೀಲ 4, ಒಟ್ಟು 103 ಕೆ.ಜಿ. ಇದನ್ನು ಮಣ್ಣುದಾರಿಯಲ್ಲಿ ಮೇಲಕ್ಕೆ ತಳ್ಳಲು ಹಿಂದಿನ ಚಕ್ರದಲ್ಲಿ ಹೆಚ್ಚುಕಡಿಮೆ 65-70 ನ್ಯೂಟನ್ ಮೀಟರ್ ತಿರುಚುಬಲ (ಟಾರ್ಕ್) ಬೇಕು. ಹಿಂದಿನ ಚಕ್ರದಲ್ಲಿರುವ ಅಗ್ಗದ ಹಬ್ ಮೋಟರಿನ ಗರಿಷ್ಠ ಬಲವೇ 40ರ ಆಸುಪಾಸು. ಜೊತೆಗೆ ಹಬ್ ಮೋಟರ್ ಚಕ್ರದ ವೇಗಕ್ಕೇ ಕಟ್ಟುಬಿದ್ದದ್ದು. ನೀವು ಗಂಟೆಗೆ 6 ಕಿ.ಮೀ.ಗೆ ಇಳಿದರೆ ಅದೂ ಕುಂಟುತ್ತದೆ. ಆ ನಿಧಾನದಲ್ಲಿ ಬ್ಯಾಟರಿಯಿಂದ ಎಳೆದ ಕರೆಂಟಿನ ದೊಡ್ಡ ಪಾಲು ಚಲನೆಯಾಗುವ ಬದಲು ಶಾಖವಾಗುತ್ತದೆ. ಹಬ್ಬಿನೊಳಗೆ ನೈಲಾನ್ ಗೇರು ಇರುವ ಮೋಟರುಗಳಲ್ಲಿ ಕೊನೆಗೆ ಹಲ್ಲು ಸವೆಯುವುದೂ ಇಂಥ ಏರುಗಳಲ್ಲೇ.

ಮಿಡ್ ಡ್ರೈವ್ ತನ್ನ ಬಲವನ್ನು ಚೈನಿಗೆ ಕೊಡುತ್ತದೆ, ಚೈನು ಗೇರಿಗೆ. ಮುಂದೆ 32 ಹಲ್ಲು, ಹಿಂದೆ 51 ಹಲ್ಲಿನ ದೊಡ್ಡ ಚಕ್ರಕ್ಕೆ ಹಾಕಿದರೆ ನಿಮಿಷಕ್ಕೆ 70 ಸಲ ಪೆಡಲು ತುಳಿದಾಗ ಸೈಕಲ್ ಹೋಗುವುದು ಗಂಟೆಗೆ ಬರೀ 6 ಕಿ.ಮೀ. ಅಂದರೆ ಸೈಕಲ್ ತೆವಳುತ್ತಿದ್ದರೂ ಮೋಟರ್ ತನಗೆ ಒಗ್ಗುವ ವೇಗದಲ್ಲೇ ತಿರುಗುತ್ತಿರುತ್ತದೆ. 85 ನ್ಯೂಟನ್ ಮೀಟರ್ ಎಂದು ಬರೆದದ್ದು ಚಕ್ರಕ್ಕೆ ತಲುಪುವ ಹೊತ್ತಿಗೆ 135 ಆಗಿರುತ್ತದೆ. ಬಾಷ್‌ನ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್, ಶಿಮಾನೊ ಇಪಿ8, ಯಮಾಹಾ ಪಿಡಬ್ಲ್ಯು-ಎಕ್ಸ್3 ಈ ವರ್ಗದವು. ಟಿಕ್ಯು ಎಚ್‌ಪಿಆರ್50 (50 ನ್ಯೂಟನ್ ಮೀಟರ್), ಫಜುವಾ ರೈಡ್ 60 (60 ನ್ಯೂಟನ್ ಮೀಟರ್) ಹಗುರ ಮೋಟರುಗಳು. ತಾವೇ ಚೆನ್ನಾಗಿ ತುಳಿಯುವವರಿಗೆ ಅವು ಹಿತ, ತೋಟದ ಮಾಲು ಹೊತ್ತು ಏರುವವರಿಗಲ್ಲ.

ಇನ್ನೊಂದು ಮಾತನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಅಗ್ಗದ ಸೈಕಲ್ಲಿನಲ್ಲಿ ಇರುವುದು ಕೇಡೆನ್ಸ್ ಸೆನ್ಸರ್. ಪೆಡಲು ತಿರುಗುತ್ತಿದೆಯೇ ಇಲ್ಲವೇ ಎಂಬುದಷ್ಟೇ ಅದಕ್ಕೆ ಗೊತ್ತು. ಕಾಲು ಸುತ್ತೋ ಅರ್ಧ ಸುತ್ತೋ ಆದ ಮೇಲೆ ಮೋಟರ್ ತಟ್ಟನೆ ಎದ್ದು ನೂಕುತ್ತದೆ, ತುಳಿಯುವುದು ನಿಲ್ಲಿಸಿದ ಮೇಲೂ ಒಂದು ಗಳಿಗೆ ನೂಕುತ್ತಲೇ ಇರುತ್ತದೆ. ರಸ್ತೆಯಲ್ಲಿ ಇದು ಗಮನಕ್ಕೂ ಬಾರದು. ಒಂದು ಕಡೆ ಬೇಲಿ, ಇನ್ನೊಂದು ಕಡೆ ಚರಂಡಿ ಇರುವ ತಿರುವಿನಲ್ಲಿ ಚರಂಡಿಗೆ ಇಳಿಸುವುದು ಇದೇ. ಟಾರ್ಕ್ ಸೆನ್ಸರ್ ಕಾಲಿನ ಒತ್ತಡವನ್ನು ಅಳೆದು ಅದಕ್ಕೆ ತಕ್ಕಷ್ಟೇ ಕೊಡುತ್ತದೆ. ಹಬ್ ಮೋಟರನ್ನೇ ಕೊಳ್ಳುವುದಾದರೂ ಟಾರ್ಕ್ ಸೆನ್ಸರ್ ಇರುವುದನ್ನು ಕೇಳಿ. ಅದಿಲ್ಲದಿದ್ದರೆ ಬ್ರೇಕ್ ಹಿಡಿದ ಕೂಡಲೇ ಮೋಟರ್ ಕಡಿಯುವ ಸ್ವಿಚ್ಚಾದರೂ ಇರಲಿ.

ನಮ್ಮ ಸಲಹೆ ಹೀಗಿದೆ. ಜೀಪ್ ದಾರಿ ಹೆಚ್ಚು, ಕಡಿದಾದ ಏರು ಕಡಿಮೆ ಅಂದರೆ ಹಬ್ ಮೋಟರ್ ಸಾಕು. ಉಳಿದ ದುಡ್ಡನ್ನು ಒಳ್ಳೆಯ ಟೈರು, ಹೈಡ್ರಾಲಿಕ್ ಬ್ರೇಕಿಗೆ ಹಾಕಿ. ಗುಡ್ಡವೇ ಮುಖ್ಯವಾದರೆ 120-130 ಮಿ.ಮೀ. ಕುಗ್ಗುವ ಏರ್ ಫೋರ್ಕಿನ (ಮುಂದಿನ ಗಾಳಿ ಸಸ್ಪೆನ್ಷನ್), ಹಿಂದೆ ಸಸ್ಪೆನ್ಷನ್ ಇಲ್ಲದ ಮಿಡ್ ಡ್ರೈವ್ ಸೈಕಲ್ ತೆಗೆದುಕೊಳ್ಳಿ. ಅದೇ ಬೆಲೆಗೆ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇದೆ ಎಂದು ಆಸೆ ತೋರಿಸುವವಕ್ಕೆ ಮರುಳಾಗಬೇಡಿ. ಅಗ್ಗದ ಕಾಯಿಲ್ (ಸ್ಪ್ರಿಂಗಿನ) ಶಾಕ್ ಏರಿನಲ್ಲಿ ನಿಮ್ಮ ತುಳಿತವನ್ನು ನುಂಗುತ್ತದೆ, ಇಳಿಜಾರಿನಲ್ಲಿ ಚೆಂಡಿನ ಹಾಗೆ ಪುಟಿಸುತ್ತದೆ. ಒಂದೇ ಮಳೆಗಾಲಕ್ಕೆ ಕೀಲುಗಳ ಬುಷ್ ಸಡಿಲವಾಗುತ್ತದೆ.

ಮಿಡ್ ಡ್ರೈವಿಗೂ ಒಂದು ಬೆಲೆ ತೆರಬೇಕಾಗುತ್ತದೆ. ಮೋಟರಿನ ಬಲವೂ ನಿಮ್ಮ ಬಲವೂ ಒಂದೇ ಚೈನಿನ ಮೇಲೆ ಬೀಳುವುದರಿಂದ ಕೆಸರಿನಲ್ಲಿ ಓಡಿಸಿದರೆ ಸಾವಿರ, ಸಾವಿರದೈನೂರು ಕಿ.ಮೀ.ಗೇ ಚೈನು ಸವೆಯಬಹುದು. ಚೈನ್ ಚೆಕರ್ ಎಂಬ ಚಿಕ್ಕ ತಗಡು ಸಿಗುತ್ತದೆ. ಅದರ 0.5 ಗುರುತು ಚೈನಿನೊಳಗೆ ಇಳಿದ ದಿನವೇ ಬದಲಾಯಿಸಿ. ತಡಮಾಡಿದರೆ ಹಿಂದಿನ ಕ್ಯಾಸೆಟ್ಟೂ (ಹಲ್ಲುಚಕ್ರಗಳ ಕಟ್ಟು) ಜೊತೆಗೆ ಹೋಗುತ್ತದೆ, ಅದು ಚೈನಿನ ಹಲವು ಪಟ್ಟು ದುಬಾರಿ. ಗೇರು ಬದಲಿಸುವ ಕ್ಷಣಕ್ಕೆ ತುಳಿತ ಸ್ವಲ್ಪ ಸಡಿಲಿಸುವುದನ್ನು ರೂಢಿ ಮಾಡಿಕೊಳ್ಳಿ. ಏರಿನ ನಡುವೆ ಗಟ್ಟಿಯಾಗಿ ತುಳಿಯುತ್ತಲೇ ಗೇರು ಹಾಕಿದಾಗ ಕೇಳುವ 'ಟಕ್' ಸದ್ದು ಚೈನು ಹರಿಯುವ ಮುನ್ಸೂಚನೆ.

ದುಡ್ಡು ಕೊಡುವ ಮುನ್ನ ಅಂಗಡಿಯವರನ್ನು ಕೇಳಬೇಕಾದದ್ದು ಮೂರೇ. ಈ ಮೋಟರಿನ ಡಯಾಗ್ನೋಸ್ಟಿಕ್ ಸಾಫ್ಟ್‌ವೇರ್ ನಿಮ್ಮಲ್ಲೇ ಇದೆಯೇ? ಇದೇ ಬ್ಯಾಟರಿ ಬಿಡಿಯಾಗಿ ಈಗ ಎಷ್ಟು, ಐದು ವರ್ಷದ ಮೇಲೂ ಸಿಗುತ್ತದೆಯೇ? ಡಿರೇಲರ್ ಹ್ಯಾಂಗರ್ ಇಟ್ಟಿದ್ದೀರಾ? ಮೂರನೆಯದು ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರನ್ನು ಫ್ರೇಮಿಗೆ ಹಿಡಿಸುವ, ನೂರಾರು ರೂಪಾಯಿಯ ಅಲ್ಯೂಮಿನಿಯಂ ತುಂಡು. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದು, ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ಸೈಕಲ್ ಕೊಂಡ ದಿನವೇ ಎರಡು ಹ್ಯಾಂಗರ್ ತೆಗೆದಿಟ್ಟುಕೊಳ್ಳಿ.

ಪೋಸ್ಟರಿನಲ್ಲಿ 'ಒಂದು ಚಾರ್ಜಿಗೆ 100 ಕಿ.ಮೀ.' ಎಂದಿದೆ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗಿ ಬರಲು 500 ವ್ಯಾಟ್-ಅವರ್ ಬ್ಯಾಟರಿ ಸಾಕೇ?
— ಹಾಸನದ ಓದುಗರು

ಆ ನೂರು ಕಿ.ಮೀ. ಸಪಾಟು ರಸ್ತೆಯ, ಅತಿ ಕಡಿಮೆ ಸಹಾಯದ ಲೆಕ್ಕ. ಗುಡ್ಡದಲ್ಲಿ ದೂರ ಮರೆತುಬಿಡಿ, ಎತ್ತರ ಎಣಿಸಿ.

ಪಟ್ಟಣ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಶಿಖರ 1,930. ಏರಬೇಕಾದದ್ದು 840 ಮೀಟರ್. 103 ಕೆ.ಜಿ.ಯನ್ನು ಅಷ್ಟು ಎತ್ತಲು 236 ವ್ಯಾಟ್-ಅವರ್ ಶಕ್ತಿ ಬೇಕು. ಇಪ್ಪತ್ತು ಕಿ.ಮೀ. ದಾರಿಯಲ್ಲಿ ಟೈರಿನ ಉರುಳುವ ತಡೆಗೆ ಇನ್ನು 80-85 ಸೇರಿಸಿ, ಒಟ್ಟು 320. ಇದರಲ್ಲಿ ಮೂರನೇ ಒಂದು ಪಾಲು ನಿಮ್ಮ ಕಾಲಿನದು, ಎರಡು ಪಾಲು ಮೋಟರಿನದು ಎನ್ನೋಣ. ಮೋಟರಿನ ಪಾಲು 213. ಬ್ಯಾಟರಿಯಿಂದ ಹೊರಟದ್ದರಲ್ಲಿ ಚಕ್ರಕ್ಕೆ ತಲುಪುವುದು ಮುಕ್ಕಾಲು ಭಾಗ, ಹಾಗಾಗಿ ಬ್ಯಾಟರಿ ಖಾಲಿಯಾಗುವುದು 285ರ ಹತ್ತಿರ. 500ರದ್ದಾದರೆ ಮೇಲೆ ತಲುಪಿದಾಗ ಶೇ. 40ಕ್ಕಿಂತ ತುಸು ಹೆಚ್ಚು ಉಳಿದಿರುತ್ತದೆ. ಇಳಿಯಲು ಮೋಟರ್ ಬೇಡ. ನಡುವಿನ ಸಣ್ಣಪುಟ್ಟ ಏರು, ಎದುರುಗಾಳಿಗೆಲ್ಲ ಆ ಉಳಿಕೆ ಧಾರಾಳ.

ಇದೇ ಲೆಕ್ಕವನ್ನು 36 ವೋಲ್ಟ್, 7 ಆಂಪ್-ಅವರ್ ಬ್ಯಾಟರಿಗೆ ಹಾಕಿ. ಎರಡನ್ನೂ ಗುಣಿಸಿದರೆ 252 ವ್ಯಾಟ್-ಅವರ್. ಶಿಖರ ಕಾಣುವಷ್ಟು ದೂರದಲ್ಲಿ ಅದು ಸೋಲುತ್ತದೆ, ಆಮೇಲೆ ಮೋಟರಿನ ಭಾರವನ್ನೂ ನೀವೇ ಹೊರಬೇಕು. ಕೊಳ್ಳುವಾಗ ಆಂಪ್-ಅವರ್ ಮಾತ್ರ ಹೇಳಿ ಸುಮ್ಮನಾಗುವವರನ್ನು ವೋಲ್ಟ್ ಎಷ್ಟು ಎಂದು ಕೇಳಿ, ಗುಣಾಕಾರ ನೀವೇ ಮಾಡಿ. ಅಂದಹಾಗೆ, ರಜಾದಿನದ ಬೆಳಗ್ಗೆ ಆ ರಸ್ತೆಯಲ್ಲಿ ಕಾರುಗಳ ಸಾಲು. ಹೋಗುವುದಾದರೆ ವಾರದ ನಡುವೆ ಹೋಗಿ.

ಲೈಸೆನ್ಸ್ ಬೇಕೇ? ವೇಗದ ಮಿತಿ ತೆಗೆದು 45 ಕಿ.ಮೀ. ಓಡುವ ಹಾಗೆ ಮಾಡಿಕೊಡುತ್ತೇವೆ ಎನ್ನುತ್ತಾರಲ್ಲ?
— ತುಮಕೂರಿನ ಓದುಗರು

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 2(ಯು) ಎಂಬ ನಿಯಮವಿದೆ. ಮೋಟರಿನ ಮೂವತ್ತು ನಿಮಿಷದ ಶಕ್ತಿ 250 ವ್ಯಾಟ್ ಒಳಗಿದ್ದು, ವೇಗ ಹೆಚ್ಚಿದಂತೆ ಸಹಾಯ ತಗ್ಗುತ್ತ 25 ಕಿ.ಮೀ.ಗೆ ನಿಲ್ಲುವ, ತುಳಿಯದಿದ್ದರೆ ಅದಕ್ಕೂ ಮುಂಚೆಯೇ ನಿಲ್ಲುವ ಸೈಕಲ್ ಮೋಟಾರು ವಾಹನವಲ್ಲ. ಲೈಸೆನ್ಸ್, ನೋಂದಣಿ ಬೇಡ. ಮಿತಿ ತೆಗೆಸಿದ ಕ್ಷಣ ಅದು ನೋಂದಣಿ, ವಿಮೆ ಇಲ್ಲದ ಮೋಟಾರು ವಾಹನವಾಗುತ್ತದೆ, ವಾರಂಟಿಯೂ ಹೋಗುತ್ತದೆ. ಕಾಡುದಾರಿಯಲ್ಲಂತೂ 25ರ ಮೇಲೆ ಮೋಟರಿನ ನೂಕು ಯಾರಿಗೂ ಬೇಕಾಗಿಲ್ಲ.

ನನ್ನ ಎತ್ತರ 5 ಅಡಿ 3 ಇಂಚು, ತೂಕ 52 ಕೆ.ಜಿ. ಅಂಗಡಿಯಲ್ಲಿ ಮೀಡಿಯಂ ಸೈಜಿನದು ಮಾತ್ರ ಇದೆ, ಸೀಟು ಇಳಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. 24 ಕೆ.ಜಿ. ಸೈಕಲ್ ನನ್ನಿಂದ ಆದೀತೇ?
— ಧಾರವಾಡದ ಓದುಗರು

ಸೀಟು ಇಳಿಸಿದರೆ ಸರಿಹೋಗುವುದು ಕಾಲಿನ ಲೆಕ್ಕ ಮಾತ್ರ. ಹ್ಯಾಂಡಲಿಗೆ ಚಾಚಬೇಕಾದ ದೂರ ಹಾಗೆಯೇ ಉಳಿಯುತ್ತದೆ. ಪೆಡಲುಗಳ ಮೇಲೆ ನಿಂತು, ಮೊಣಕೈ ಸ್ವಲ್ಪ ಮಡಚಿ ನೋಡಿ. ಕೈ ನೆಟ್ಟಗಾಗಿಬಿಟ್ಟರೆ ಆ ಸೈಕಲ್ ನಿಮಗೆ ದೊಡ್ಡದು, ಇಳಿಜಾರಿನಲ್ಲಿ ಅದು ನಿಮ್ಮನ್ನು ಓಡಿಸುತ್ತದೆ. ಸ್ಮಾಲ್ ಸೈಜಿಗೆ ಕಾಯಿರಿ. ಮುಂದೆ 29 ಇಂಚು, ಹಿಂದೆ 27.5 ಇಂಚಿನ ಚಕ್ರ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು, ಕಡಿದಾದ ಕಡೆ ಹಿಂದೆ ಸರಿದಾಗ ಟೈರು ತಾಗುವುದಿಲ್ಲ. ಕ್ರ್ಯಾಂಕ್ (ಪೆಡಲು ಕೂರುವ ತೋಳು) 160 ಅಥವಾ 165 ಮಿ.ಮೀ. ಇರಲಿ. ಏರಿನಲ್ಲಿ ಕಲ್ಲು ಬಂದಾಗಲೂ ಇ-ಬೈಕಿನಲ್ಲಿ ತುಳಿಯುತ್ತಲೇ ಇರುತ್ತೀರಿ, ಉದ್ದನೆಯ ಕ್ರ್ಯಾಂಕಿಗೆ ಕಲ್ಲು ಬಡಿಯುತ್ತದೆ. ಹ್ಯಾಂಡಲಿನ ಗುಂಡಿಯಿಂದ ಸೀಟು ಏರಿಳಿಯುವ ಡ್ರಾಪರ್ ಪೋಸ್ಟ್ ನಿಮಗೆ ಅಲಂಕಾರವಲ್ಲ, ಬೇಕೇ ಬೇಕು.

ಹೊಸ ಸೈಕಲ್ಲಿನ ಸಸ್ಪೆನ್ಷನ್‌ನಲ್ಲಿರುವ ಗಾಳಿ ಹೆಚ್ಚಾಗಿ 75-80 ಕೆ.ಜಿ.ಯವರಿಗೆ ಹೊಂದುವಷ್ಟಿರುತ್ತದೆ. ನಿಮ್ಮ ತೂಕಕ್ಕೆ ಅದು ಮರದ ಹಲಗೆ. ಶಾಕ್ ಪಂಪ್ ಒಂದನ್ನು ಕೊಳ್ಳಿ, ಮಾಮೂಲಿ ಟೈರ್ ಪಂಪಿನಿಂದ ಈ ಕೆಲಸ ಆಗದು. ಹೆಲ್ಮೆಟ್, ಶೂ, ನೀರಿನ ಚೀಲ ಎಲ್ಲ ಹಾಕಿಕೊಂಡು, ಗೋಡೆಗೆ ಮೊಣಕೈ ಆನಿಸಿ ಪೆಡಲುಗಳ ಮೇಲೆ ನಿಲ್ಲಿ. ಎರಡು ಸಲ ಕುಕ್ಕಿ ಸುಮ್ಮನೆ ನಿಂತಾಗ, ಇನ್ನೊಬ್ಬರು ಫೋರ್ಕಿನ ಕಂಬದ ಮೇಲಿನ ರಬ್ಬರ್ ಉಂಗುರವನ್ನು ಸೀಲಿನ ತನಕ ತಳ್ಳಲಿ. ಕುಲುಕದೆ ಇಳಿಯಿರಿ. 140 ಮಿ.ಮೀ. ಫೋರ್ಕ್ ಆದರೆ ಉಂಗುರ ಸೀಲಿನಿಂದ 28 ಮಿ.ಮೀ. ದೂರ ಇರಬೇಕು, ಅಂದರೆ ಶೇ. 20. ಹಿಂದಿನ ಶಾಕ್‌ಗೆ ಸೀಟಿನ ಮೇಲೆ ಕೂತು ಹೀಗೆಯೇ ಅಳೆಯಿರಿ. ಅದರ ಸ್ಟ್ರೋಕ್ (ಕುಗ್ಗುವ ಒಟ್ಟು ದೂರ) 55 ಮಿ.ಮೀ. ಇದ್ದರೆ 15-16 ಮಿ.ಮೀ. ಇಳಿಯಬೇಕು. ಕಡಿಮೆ ಇಳಿದರೆ ಐದೈದು ಪಿಎಸ್‌ಐ ಬಿಡುತ್ತ, ಹೆಚ್ಚು ಇಳಿದರೆ ತುಂಬುತ್ತ ಸರಿಮಾಡಿ. ಗಾಳಿ ಇಳಿಸಿದ ಮೇಲೆ ರಿಬೌಂಡ್ (ಕುಗ್ಗಿದ್ದು ಮೇಲೇಳುವ ವೇಗದ) ತಿರುಪನ್ನೂ ಆಮೆ ಗುರುತಿನಿಂದ ಮೊಲದ ಗುರುತಿನ ಕಡೆಗೆ ಎರಡು ಮೂರು ಕ್ಲಿಕ್ ತಿರುಗಿಸಿ. ಇಲ್ಲದಿದ್ದರೆ ಒಂದರ ಹಿಂದೊಂದು ಗುಂಡಿ ಬಂದಾಗ ಶಾಕ್ ಮೇಲೇಳುವ ಮೊದಲೇ ಮುಂದಿನದು ಬಡಿಯುತ್ತದೆ. ಟೈರು ಟ್ಯೂಬ್‌ಲೆಸ್ ಆಗಿದ್ದರೆ ಮುಂದೆ 17-18, ಹಿಂದೆ 20-21 ಪಿಎಸ್‌ಐನಿಂದ ಶುರುಮಾಡಿ.

ತೂಕದ ಭಯ ಓಡಿಸುವಾಗ ಇರುವುದಿಲ್ಲ, ಎತ್ತುವಾಗ ಇರುತ್ತದೆ. ಬಿದ್ದ ಮರ ದಾಟಿಸುವಾಗ ಮುಂದಿನ ಚಕ್ರವನ್ನು ಮೊದಲು ಮರದ ಮೇಲೆ ಇಟ್ಟು, ಆಮೇಲೆ ಹಿಂದಿನದನ್ನು ಎತ್ತಿ. ತಳ್ಳಿಕೊಂಡು ಏರಬೇಕಾದಾಗ ವಾಕ್ ಮೋಡ್ ಒತ್ತಿ, ನಡೆಯುವ ವೇಗದಲ್ಲಿ ತಾನೇ ಏರುತ್ತದೆ. ಕಾರಿನ ಡಿಕ್ಕಿಗೆ ಕಟ್ಟುವ ಹಲವು ರ‍್ಯಾಕುಗಳ ಮಿತಿ ಸೈಕಲ್ಲೊಂದಕ್ಕೆ 15 ಕೆ.ಜಿ. ಮಾತ್ರ, ಇ-ಬೈಕನ್ನು ಅವಕ್ಕೆ ತೂಗಿಹಾಕಬೇಡಿ. ಬ್ಯಾಟರಿ ತೆಗೆದರೆ 3-4 ಕೆ.ಜಿ. ಇಳಿಯುತ್ತದೆ. ಬ್ಯಾಟರಿ ಕಾರಿನೊಳಗೇ ಇರಲಿ.

ಜೂನ್‌ನಲ್ಲಿ ಶುರುವಾದ ತೊಂದರೆ. ಮಳೆಯಲ್ಲಿ ಅರ್ಧ ಗಂಟೆ ಓಡಿಸಿದ ಮೇಲೆ ಮೋಟರ್ ಬಿಟ್ಟು ಬಿಟ್ಟು ಕೆಲಸ ಮಾಡುತ್ತದೆ. ಡಿಸ್‌ಪ್ಲೇಯಲ್ಲಿ ವೇಗ ಸೊನ್ನೆ ತೋರಿಸುತ್ತದೆ. ಮನೆಗೆ ಬಂದು ಮಾರನೆಯ ದಿನ ನೋಡಿದರೆ ಸರಿಯಾಗಿರುತ್ತದೆ. ಮೋಟರಿನೊಳಗೆ ನೀರು ಹೋಗಿದೆಯೇ?
— ಸಕಲೇಶಪುರದ ಓದುಗರು (ಮಿಡ್ ಡ್ರೈವ್ ಸೈಕಲ್)

ವೇಗ ಸೊನ್ನೆ ತೋರಿಸುತ್ತದೆ ಎಂದು ಬರೆದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಚಕ್ರ ತಿರುಗುತ್ತಿರುವುದು ಮೋಟರಿಗೆ ಗೊತ್ತಾಗುತ್ತಿಲ್ಲ. ಗೊತ್ತಾಗದಿದ್ದರೆ 25 ಕಿ.ಮೀ. ಮಿತಿ ಪಾಲಿಸಲಾಗದು, ಹಾಗಾಗಿ ಸಹಾಯ ನಿಲ್ಲಿಸುತ್ತದೆ. ಮೋಟರ್ ಬಿಚ್ಚಿಸಲು ಹೊರಡುವ ಮೊದಲು ಹಿಂದಿನ ಚಕ್ರದ ಬಳಿ ಕೂತುಕೊಳ್ಳಿ.

ಕಡ್ಡಿಗೆ ಕಟ್ಟಿದ ಅಥವಾ ಡಿಸ್ಕಿಗೆ ಕೂರಿಸಿದ ಚಿಕ್ಕ ಅಯಸ್ಕಾಂತವಿದೆ, ಅದರೆದುರು ಫ್ರೇಮಿನಲ್ಲಿ ಸೆನ್ಸರ್ ಇದೆ. ಬಾಷ್‌ನ ಕಡ್ಡಿ ಅಯಸ್ಕಾಂತಕ್ಕೆ ನಡುವಿನ ಅಂತರ 5ರಿಂದ 17 ಮಿ.ಮೀ. ಒಳಗಿರಬೇಕು. ಶಿಮಾನೊದ್ದೂ ಹೆಚ್ಚುಕಡಿಮೆ ಅಷ್ಟೇ. ಕೆಸರಿನ ಹೆಂಟೆ, ಹುಲ್ಲು ಸಿಕ್ಕಿಕೊಂಡು ಅಯಸ್ಕಾಂತ ಕಡ್ಡಿಯ ಮೇಲೆ ಸರಿದಿರುತ್ತದೆ ಅಥವಾ ಓರೆಯಾಗಿರುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಕಣಗಳಿರುತ್ತವೆ, ಅವು ಅಯಸ್ಕಾಂತಕ್ಕೆ ಗಡ್ಡದ ಹಾಗೆ ಅಂಟಿಕೊಳ್ಳುತ್ತವೆ. ಒರೆಸಿ, ಸೆನ್ಸರಿನ ಗುರುತಿಗೆ ನೇರ ತಂದು ಬಿಗಿಮಾಡಿ. ಚಕ್ರವನ್ನು ಕೈಯಿಂದ ತಿರುಗಿಸಿ ಡಿಸ್‌ಪ್ಲೇಯಲ್ಲಿ ವೇಗ ಬರುತ್ತದೆಯೇ ನೋಡಿ.

ಬಂದರೂ ಮಳೆಯಲ್ಲಿ ಮತ್ತೆ ಕೈಕೊಟ್ಟರೆ ಸೆನ್ಸರ್ ವೈರಿನ ಕನೆಕ್ಟರ್ ನೋಡಬೇಕು. ಒಣಗಿದಾಗ ಸರಿಹೋಗುವುದು ಅದರ ಲಕ್ಷಣ. ಬ್ಯಾಟರಿ ತೆಗೆದು, ಕನೆಕ್ಟರ್ ನೇರ ಎಳೆದು ಬಿಡಿಸಿ, ತಿರುಚಬೇಡಿ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒಣಗಿಸಿ. ಪಿನ್ ಹಸಿರುಗಟ್ಟಿದ್ದರೆ ಆ ವೈರು ಬದಲಿಸಿಯೇ ಬಿಡಿ. ಕೂರಿಸುವ ಮುನ್ನ ರಬ್ಬರ್ ಸೀಲಿನ ಅಂಚಿಗೆ ಕಡಲೆಯಷ್ಟು ಡೈಎಲೆಕ್ಟ್ರಿಕ್ ಗ್ರೀಸ್ ಸಾಕು.

ಡಿಸ್‌ಪ್ಲೇಯೇ ಆರಿ ಮತ್ತೆ ಹೊತ್ತುವುದಾದರೆ ಕಥೆ ಬೇರೆ. ಅದು ಬ್ಯಾಟರಿಯ ಕಾಂಟ್ಯಾಕ್ಟ್ ಅಥವಾ ಲಾಕ್ ಸಡಿಲವಾದದ್ದು. ಬ್ಯಾಟರಿಯನ್ನು ಕೈಯಿಂದ ಅಲ್ಲಾಡಿಸಿ, ಲೊಟಲೊಟ ಅಂದರೆ ಲಾಕ್ ಪ್ಲೇಟ್ ಹೊಂದಿಸಬೇಕು.

ಕಡೆಯದಾಗಿ, ಇದೆಲ್ಲದರ ಮೂಲ ಹಲವು ಸಲ ಮಳೆಯಲ್ಲ, ವಾಟರ್ ಸರ್ವಿಸ್. ಜೀಪು ತೊಳೆಯುವ ಪ್ರೆಶರ್ ಗನ್ ಮೋಟರಿನ ಆಕ್ಸಲ್ ಸೀಲಿನ ಒಳಕ್ಕೆ, ಹಬ್ಬಿನ ಬೇರಿಂಗಿಗೆ ನೀರು ನುಗ್ಗಿಸುತ್ತದೆ. ಬಕೆಟ್, ಬ್ರಷ್, ಮೆಲ್ಲನೆ ಬರುವ ಪೈಪಿನ ನೀರು ಸಾಕು. ಬ್ಯಾಟರಿ ಅದರ ಜಾಗದಲ್ಲೇ ಇರಲಿ, ಚಾರ್ಜಿಂಗ್ ಮುಚ್ಚಳ ಗಟ್ಟಿ ಕೂತಿರಲಿ.

ನಮ್ಮಲ್ಲಿ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇರುವುದಿಲ್ಲ. ಮನೆಯ ಯುಪಿಎಸ್‌ನಲ್ಲಿ ಚಾರ್ಜ್ ಮಾಡಬಹುದೇ?
— ಕೊಪ್ಪದ ಓದುಗರು

ಪ್ಯೂರ್ ಸೈನ್ ವೇವ್ ಯುಪಿಎಸ್ ಆದರೆ ಮಾಡಬಹುದು. ಸ್ಕ್ವೇರ್ ವೇವ್ ಆದರೆ ಚಾರ್ಜರ್ ಬಿಸಿಯಾಗಿ ಗುಂಯ್‌ಗುಡುತ್ತದೆ, ಬೇಡ. 12 ವೋಲ್ಟಿನ 150 ಆಂಪ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇರುತ್ತದೆ, ಅದಕ್ಕೆ ಕೇಡಾಗದಂತೆ ತೆಗೆಯಬಹುದಾದದ್ದು ಅರ್ಧ. 500ರ ಸೈಕಲ್ ಬ್ಯಾಟರಿ ಪೂರ್ತಿ ತುಂಬಲು ನಷ್ಟವೂ ಸೇರಿ 600 ಬೇಕು. ಸೈಕಲ್ ತುಂಬುತ್ತದೆ, ರಾತ್ರಿ ಮನೆಯ ದೀಪಕ್ಕೆ ಉಳಿಯುವುದು 300 ಮಾತ್ರ. 2 ಆಂಪಿನ ಚಾರ್ಜರ್ ಇದಕ್ಕೆ ಏಳೆಂಟು ಗಂಟೆ ತೆಗೆದುಕೊಳ್ಳುತ್ತದೆ. ಗುಡುಗು ಮಿಂಚಿರುವಾಗ ಪ್ಲಗ್ ಕಿತ್ತಿಡಿ. ಮಳೆ ಜೋರಾಗಿ ತಿಂಗಳುಗಟ್ಟಲೆ ಓಡಿಸುವುದಿಲ್ಲ ಎಂದಾದರೆ ಶೇ. 30ರಿಂದ 60ರ ನಡುವೆ ಚಾರ್ಜ್ ಉಳಿಸಿ, ಒಲೆಯ ಅಟ್ಟವಲ್ಲದ ಒಣ ಜಾಗದಲ್ಲಿಡಿ. ಪೂರ್ತಿ ಖಾಲಿಯಾಗಿ ಮೂರು ತಿಂಗಳು ಬಿದ್ದಿದ್ದ ಬ್ಯಾಟರಿ ಮತ್ತೆ ಏಳದೇ ಹೋಗಬಹುದು.

ಉದ್ದನೆಯ ಇಳಿಜಾರಿನ ಕೊನೆಗೆ ಬ್ರೇಕ್ ಕೀರಲು ಸದ್ದು ಮಾಡುತ್ತದೆ, ಲಿವರ್ ಹ್ಯಾಂಡಲಿಗೇ ತಾಗುತ್ತದೆ. ಪ್ಯಾಡ್ ಬದಲಿಸಿ ಎರಡು ತಿಂಗಳೂ ಆಗಿಲ್ಲ.
— ಮಡಿಕೇರಿಯ ಓದುಗರು

ಎರಡೂ ಬೇರೆ ಬೇರೆ ರೋಗ. 300 ಮೀಟರ್ ಎತ್ತರದಿಂದ 103 ಕೆ.ಜಿ. ಇಳಿದಾಗ ಹೊರಬೀಳುವ ಶಕ್ತಿ ಹೆಚ್ಚುಕಡಿಮೆ ಒಂದು ಲೀಟರ್ ತಣ್ಣೀರನ್ನು ಕುದಿಸುವಷ್ಟು. ಅದರ ಬಹುಪಾಲು ಎರಡು ತೆಳ್ಳನೆ ತಟ್ಟೆಗಳಿಗೆ ಹೋಗುತ್ತದೆ. ಮಾಮೂಲಿ ಸೈಕಲ್ಲಿಗಿಂತ ಸವಾರನೂ ಸೇರಿ ತೂಕ ಹತ್ತು ಪರ್ಸೆಂಟಿನಷ್ಟು ಮಾತ್ರ ಹೆಚ್ಚು, ನಿಜ. ಆದರೆ ಮೋಟರ್ ಇರುವುದರಿಂದ ಅದೇ ಇಳಿಜಾರನ್ನು ಬೆಳಗ್ಗೆ ಎರಡು ಸಲದ ಬದಲು ಐದು ಸಲ ಇಳಿಯುತ್ತೀರಿ. ಪ್ಯಾಡ್ ಬೇಗ ಮುಗಿಯುವುದು ಅದಕ್ಕೇ.

ಲಿವರ್ ಹ್ಯಾಂಡಲಿಗೆ ತಾಗುವುದು ಎಣ್ಣೆಯ ದೋಷ. ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಡಾಟ್ ಫ್ಲೂಯಿಡ್ (ಕೆಲವು ಬ್ರೇಕುಗಳಲ್ಲಿರುವ ಎಣ್ಣೆ) ತೇವ ಹೀರಿ ಬಿಸಿಗೆ ಕುದಿಯುತ್ತಿದೆ. ಬ್ಲೀಡ್ ಮಾಡಿಸಿ, ಅಂದರೆ ಗಾಳಿ, ಹಳೆಯ ಎಣ್ಣೆ ಹೊರಹಾಕಿ ಹೊಸದು ತುಂಬಿಸಿ. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್ಲೇ ಹಾಕಬೇಕು. ಸ್ಕೂಟರಿನ ಡಾಟ್ ಎಣ್ಣೆ ಹಾಕಿದರೆ ಒಳಗಿನ ಸೀಲುಗಳು ಉಬ್ಬಿ ಇಡೀ ಬ್ರೇಕೇ ಹಾಳು. ಮೆಕ್ಯಾನಿಕ್ಕಿನ ಕೈಯಲ್ಲಿರುವ ಬಾಟಲಿಯ ಚೀಟಿ ಓದಿ ನೋಡುವುದರಲ್ಲಿ ನಾಚಿಕೆ ಬೇಡ.

ಕೀರಲು ಸದ್ದು ಪ್ಯಾಡಿನ ಮುಖ ಗಾಜಿನಂತೆ ಹೊಳಪುಗಟ್ಟಿದ್ದರಿಂದ ಇಲ್ಲವೇ ಚೈನಿಗೆ ಹಾಕಿದ ಎಣ್ಣೆ ಡಿಸ್ಕಿಗೆ ಹಾರಿದ್ದರಿಂದ. ಹೊಳಪಾದರೆ ಮರಳು ಕಾಗದಕ್ಕೆ ಉಜ್ಜಿ, ಎಣ್ಣೆ ಹೀರಿದ್ದರೆ ಪ್ಯಾಡ್ ಎಸೆಯಿರಿ, ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಹೊಸ ಪ್ಯಾಡ್ ಹಾಕಿದ ದಿನ ಸಪಾಟು ಜಾಗದಲ್ಲಿ 25 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದ ಹಾಗೆ, ಇಪ್ಪತ್ತು ಸಲ ಹಿಡಿದು ಬಿಡಿ. ಇದನ್ನು ಮಾಡದೆ ನೇರ ಘಾಟಿ ಇಳಿಸಿದರೆ ಹೊಳಪುಗಟ್ಟುವುದು ಖಂಡಿತ. ಕೊಡಗಿನ ಮಳೆಗೆ ರೆಸಿನ್ ಪ್ಯಾಡ್ ಬೇಡ, ಮೆಟಲ್ ಪ್ಯಾಡ್ ಹಾಕಿ, ಹಾಗೆ ಹಾಕುವ ಮೊದಲು ಡಿಸ್ಕಿನ ಮೇಲೆ 'ರೆಸಿನ್ ಪ್ಯಾಡ್ ಮಾತ್ರ' ಎಂದು ಬರೆದಿಲ್ಲವೆಂದು ನೋಡಿಕೊಳ್ಳಿ. ಶಿಮಾನೊ ಡಿಸ್ಕ್ ಹೊಸದಿದ್ದಾಗ 1.8 ಮಿ.ಮೀ. ದಪ್ಪ, 1.5ಕ್ಕೆ ಇಳಿದರೆ ಬದಲಿಸಬೇಕು. ಪ್ಯಾಡಿನ ಉಜ್ಜುವ ಭಾಗ 0.5 ಮಿ.ಮೀ. ಉಳಿದಾಗ ಮುಗಿಯಿತು. ಸೈಕಲ್ ಕೊಳ್ಳಲು ಹೊರಟಿರುವ ಉಳಿದ ಓದುಗರಿಗೂ ಒಂದು ಮಾತು: ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ), 200 ಅಥವಾ 203 ಮಿ.ಮೀ. ಡಿಸ್ಕ್ ಇಲ್ಲದ ಇ-ಎಂಟಿಬಿಯನ್ನು ಘಾಟಿಯ ಊರಿಗೆ ಒಯ್ಯಬೇಡಿ.

ಹೊಸಪೇಟೆ, ಸಂಡೂರು ಕಡೆ ಓಡಿಸುತ್ತೇವೆ. ವಾರಕ್ಕೆ ಎರಡು ಪಂಕ್ಚರ್. ಎಲ್ಲ ಜಾಲಿ ಮುಳ್ಳು.
— ಹೊಸಪೇಟೆಯ ಓದುಗರು

ಟ್ಯೂಬ್ ತೆಗೆಸಿ. 29×2.5 ಟೈರಿಗೆ 100-120 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. ಮುಳ್ಳನ್ನು ಅಲ್ಲೇ ಕೀಳಬೇಡಿ, ಮನೆಗೆ ಬಂದು ಕಿತ್ತು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಬಿಡಿ, ಸೀಲೆಂಟ್ ತಾನೇ ಮುಚ್ಚುತ್ತದೆ. ನಿಮ್ಮ ಬಿಸಿಲಿಗೆ ಎರಡು ತಿಂಗಳಿಗೇ ಅದು ಒಣಗಿ ರಬ್ಬರ್ ಹಾಳೆಯಾಗಿರುತ್ತದೆ, ವಾಲ್ವ್ ಬಿಚ್ಚಿ 50 ಮಿ.ಲೀ. ಮತ್ತೆ ತುಂಬಿ. ಮೇ ತಿಂಗಳಲ್ಲಿ ಓಡಿಸಿ ಬಂದ ಕೂಡಲೇ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ನೆರಳಲ್ಲಿ ತಣಿಯಲಿ. 40 ಡಿಗ್ರಿ ಮೇಲೆ ಚಾರ್ಜ್ ಮಾಡುವುದು ಅದರ ಆಯಸ್ಸು ತಿನ್ನುತ್ತದೆ.

ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ, ಮುಂದಿನ ವರ್ಷ ಬೆಂಗಳೂರಿಗೆ ವಾಪಸ್. ಇಲ್ಲಿ ಹಳೆಯ ಇ-ಎಂಟಿಬಿ ಕೊಂಡು ಒಂದು ವರ್ಷ ಓಡಿಸಿ, ವಿಮಾನದಲ್ಲಿ ತರುವ ಯೋಚನೆ. ಸರಿಯೇ?
— ಜರ್ಮನಿಯ ಓದುಗರು

ಓಡಿಸುವುದು ಸರಿ, ತರುವುದು ಕಷ್ಟ. ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ಜಾಗವಿಲ್ಲ, ಲಗೇಜಿನಲ್ಲೂ ಇಲ್ಲ, ಕೈಚೀಲದಲ್ಲೂ ಇಲ್ಲ. ನಿಮ್ಮದು 500ರಿಂದ 800. ಅಪಾಯಕಾರಿ ಸರಕಾಗಿ ಕಾರ್ಗೋದಲ್ಲಿ ಕಳಿಸಬೇಕು. ಬ್ಯಾಟರಿ ಇಲ್ಲದೆ ಸೈಕಲ್ ತಂದು ಇಲ್ಲಿ ಬೇರೆ ಬ್ಯಾಟರಿ ಹಾಕಿಕೊಳ್ಳೋಣವೆಂದರೆ ಬಾಷ್, ಶಿಮಾನೊ ಮೋಟರುಗಳು ಕಂಡ ಬ್ಯಾಟರಿಯನ್ನೆಲ್ಲ ಒಪ್ಪುವುದಿಲ್ಲ, ಮೋಟರೂ ಬ್ಯಾಟರಿಯೂ ಒಂದಕ್ಕೊಂದು ಗುರುತು ಹಿಡಿಯಬೇಕು. ಅಲ್ಲೇ ಓಡಿಸಿ ಅಲ್ಲೇ ಮಾರಿ ಬನ್ನಿ.

ಹಳೆಯದನ್ನು ಕೊಳ್ಳುವಾಗ ಡೀಲರ್ ಬಳಿ ಡಯಾಗ್ನೋಸ್ಟಿಕ್ ವರದಿ ತೆಗೆಸಿ. ಬ್ಯಾಟರಿಯ ಚಾರ್ಜ್ ಆವರ್ತ, ಮೋಟರ್ ಓಡಿದ ಕಿ.ಮೀ. ಅದರಲ್ಲಿ ಬರುತ್ತದೆ. ಮೂಲ ಬಿಲ್, ಬ್ಯಾಟರಿಯ ಎರಡೂ ಕೀಲಿ ಇಲ್ಲದವರ ಹತ್ತಿರ ಚೌಕಾಸಿಗೂ ನಿಲ್ಲಬೇಡಿ. ಇನ್ನೊಂದು ವಿಷಯ: 25 ಕಿ.ಮೀ. ಮಿತಿಯ ಪೆಡೆಲೆಕ್ (ತುಳಿದರಷ್ಟೇ ಮೋಟರ್ ನೆರವಾಗುವ ಸೈಕಲ್) ಅಲ್ಲಿ ಸೈಕಲ್ಲಿಗೆ ಸಮ, ನಿಜ. ಆದರೆ ನೀವಿರುವ ಬಾಡೆನ್-ವುರ್ಟೆಂಬರ್ಗ್‌ನ ಅರಣ್ಯ ಕಾಯ್ದೆ ಕಾಡಿನಲ್ಲಿ ಎರಡು ಮೀಟರಿಗಿಂತ ಕಿರಿದಾದ ದಾರಿಯಲ್ಲಿ ಯಾವ ಸೈಕಲ್ಲನ್ನೂ ಬಿಡುವುದಿಲ್ಲ, ಸೈಕಲ್ಲಿಗೆಂದೇ ಗುರುತು ಮಾಡಿದ ಟ್ರೇಲ್‌ಗಳು ಮಾತ್ರ ಅದಕ್ಕೆ ಹೊರತು.

ನಮ್ಮ ಕಡೆ ಕಾಡಿನ ಕಾಲುದಾರಿಗಳಲ್ಲಿ ಓಡಿಸಲು ಅನುಮತಿ ಬೇಕೇ? ಸದ್ದು ಮಾಡದ ಸೈಕಲ್ ತಾನೇ?
— ಬೆಂಗಳೂರಿನ ಓದುಗರು

ಬೇಕು. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ಮೋಟರ್ ಇದ್ದರೂ ಇಲ್ಲದಿದ್ದರೂ. ತುರಹಳ್ಳಿ, ಅವಲಹಳ್ಳಿಯಂಥ ಊರಂಚಿನ ಕಾಡುಗಳೂ ಅರಣ್ಯ ಇಲಾಖೆಯವೇ. ಯಾವ ದಾರಿ, ಯಾವ ಹೊತ್ತು ಎಂದು ಆಯಾ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿಕೊಂಡೇ ಹೋಗಿ. ತೋಟದ ದಾರಿಗೆ ಮಾಲೀಕರ ಒಪ್ಪಿಗೆ ಸಾಕು.

ಸದ್ದು ಮಾಡದಿರುವುದು ಮಲೆನಾಡಿನಲ್ಲಿ ಗುಣವಲ್ಲ, ದೋಷ. ಸಕಲೇಶಪುರ, ಮೂಡಿಗೆರೆ ಕಡೆ ತೋಟದ ತಿರುವಿನಲ್ಲಿ ಆನೆ ನಿಂತಿದ್ದರೆ ನಿಮ್ಮ ಬರವು ಅದಕ್ಕೆ ತಿಳಿಯುವುದಿಲ್ಲ, ಅದು ಇರುವುದು ನಿಮಗೂ ತಿಳಿಯುವುದಿಲ್ಲ. ಬಿಸಿಲು ಸರಿಯಾಗಿ ಬೀಳುವ ಮೊದಲು, ಸಂಜೆ ಮಬ್ಬಾದ ಮೇಲೆ ಹೋಗಬೇಡಿ. ಊರಿನಲ್ಲಿ ಆನೆಯ ಎಚ್ಚರಿಕೆ ಬಂದ ದಿನ ಸೈಕಲ್ ಶೆಡ್ಡಿನಲ್ಲೇ ಇರಲಿ. ಹ್ಯಾಂಡಲಿಗೆ ಹಳೆಯ ಕಾಲದ ಹಿತ್ತಾಳೆ ಗಂಟೆ ಕಟ್ಟಿ, ಕುರುಡು ತಿರುವಿಗೆ ಇಪ್ಪತ್ತು ಮೀಟರ್ ಮೊದಲೇ ಬಾರಿಸಿ.